ಇಲಿಯ ಕರುಳಿನ ಹುಳು ಮತ್ತು ಅದು ಬಿಡುವ ಒಂದು ಪ್ರೋಟೀನ್: ಒಂದು ಪ್ರಕರಣ ಅಧ್ಯಯನ

ನಿಪ್ಪೋಸ್ಟ್ರಾಂಜೈಲಸ್ ಎಂಬ ಒಂದು ದುಂಡುಹುಳು ಇದೆ. ಅದರ ಮರಿಗಳನ್ನು ಪ್ರಯೋಗಾಲಯದ ಇಲಿಯ ಚರ್ಮದಡಿ ಚುಚ್ಚಿದರೆ ಅವು ಮೊದಲು ಶ್ವಾಸಕೋಶಕ್ಕೆ ಹೋಗುತ್ತವೆ. ಅಲ್ಲಿಂದ ಗಂಟಲಿಗೆ ಬಂದು, ಇಲಿ ನುಂಗಿದಾಗ ಕರುಳು ಸೇರುತ್ತವೆ. ಸುಮಾರು ಹತ್ತು ದಿನ ಕಳೆಯುವಷ್ಟರಲ್ಲಿ ಇಲಿ ಅವನ್ನೆಲ್ಲ ಹೊರಗೆ ಹಾಕಿರುತ್ತದೆ. ಈಗ ಅದೇ ತಳಿಯ ಇನ್ನೊಂದು ಇಲಿಗೆ ಹೆಲಿಗ್ಮೊಸೊಮಾಯ್ಡಿಸ್ ಪಾಲಿಗೈರಸ್ ಎಂಬ ಬೇರೆ ಹುಳುವಿನ ಮರಿಗಳನ್ನು ಕುಡಿಸಿ ನೋಡಿ. ಹತ್ತು ದಿನ ಬಿಡಿ, ತಿಂಗಳುಗಳು ಕಳೆದರೂ ಹುಳು ಅಲ್ಲೇ ಇರುತ್ತದೆ. ದಿನವೂ ಮೊಟ್ಟೆ ಇಡುತ್ತದೆ.

ಇಲಿ ಅದೇ, ಕರುಳು ಅದೇ, ರೋಗನಿರೋಧಕ ವ್ಯವಸ್ಥೆಯೂ ಅದೇ. ಒಂದು ಹುಳುವನ್ನು ಓಡಿಸಲು ಬರುವ ಇಲಿಗೆ ಇನ್ನೊಂದನ್ನು ಓಡಿಸಲು ಯಾಕೆ ಆಗುವುದಿಲ್ಲ? ಈ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ತುಣುಕು 2005 ಮತ್ತು 2017ರ ನಡುವೆ, ಸ್ಕಾಟ್ಲೆಂಡಿನಲ್ಲಿ ಸಿಕ್ಕಿತು. ರಿಕ್ ಮೈಝೆಲ್ಸ್ ಎಂಬ ವಿಜ್ಞಾನಿಯ ತಂಡ ಮೊದಲು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಗ್ಲಾಸ್ಗೋದಲ್ಲಿ ಈ ಕೆಲಸ ಮಾಡಿತು. ಆ ತುಣುಕು ಒಂದು ಪ್ರೋಟೀನ್. ಅದರ ಹೆಸರು ಟಿಜಿಎಂ. ಈ ಬರಹ ಪೂರ್ತಿ ಅದರದ್ದೇ ಕಥೆ.

ಪರಾವಲಂಬಿಗಳ ಬಗ್ಗೆ ಮಾತಾಡುವಾಗ "ಅವು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ" ಅಂತ ಸಲೀಸಾಗಿ ಹೇಳಿಬಿಡುತ್ತೇವೆ. ಈ ಪ್ರಕರಣ ನೋಡಿದರೆ ಆ ಮಾತು ಎಷ್ಟು ಒರಟು ಅಂತ ಗೊತ್ತಾಗುತ್ತದೆ. ಇಲ್ಲಿ ಯಾವುದೂ ಕುಗ್ಗುತ್ತಿಲ್ಲ. ಇಲಿಯ ದೇಹದಲ್ಲೇ ಇರುವ ಒಂದು ಶಾಂತಗೊಳಿಸುವ ವ್ಯವಸ್ಥೆಯನ್ನು ಹುಳು ತನ್ನ ಅನುಕೂಲಕ್ಕೆ ಚಾಲೂ ಮಾಡುತ್ತಿದೆ, ಅಷ್ಟೇ.

ಹುಳು ಮತ್ತು ಅದರ ಮನೆ

ಮೊದಲು ಹುಳುವಿನ ಬದುಕನ್ನು ಸ್ವಲ್ಪ ನೋಡೋಣ. ಇಲಿಯ ಹಿಕ್ಕೆಯ ಜೊತೆ ಮೊಟ್ಟೆ ಹೊರಗೆ ಬೀಳುತ್ತದೆ. ಅಲ್ಲೇ ಒಡೆದು ಮರಿಯಾಗಿ, ಸುಮಾರು ಒಂದು ವಾರದಲ್ಲಿ ಸೋಂಕು ಹರಡುವ ಹಂತಕ್ಕೆ ಬರುತ್ತದೆ. ಇನ್ನೊಂದು ಇಲಿ ಅದನ್ನು ನುಂಗಿದರೆ ಮರಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಗೋಡೆಯನ್ನು ಕೊರೆದು ಒಳಗೆ ಸೇರುತ್ತದೆ. ಆ ಗೋಡೆಯೊಳಗೇ ಒಂದು ವಾರ ಇದ್ದು, ಎರಡು ಸಲ ಪೊರೆ ಕಳಚಿ, ಎಂಟನೇ ದಿನದ ಹೊತ್ತಿಗೆ ಬೆಳೆದ ಹುಳುವಾಗಿ ಕರುಳಿನ ಟೊಳ್ಳಿಗೆ ವಾಪಸು ಬರುತ್ತದೆ. ಆಮೇಲೆ ಕರುಳಿನ ಬೆರಳಿನಂಥ ಚಾಚುಗಳಿಗೆ ಸುರುಳಿ ಸುತ್ತಿಕೊಂಡು ಕೂರುತ್ತದೆ. ಕೆಂಪಗಿರುತ್ತದೆ, ಬರಿಗಣ್ಣಿಗೇ ಕಾಣುತ್ತದೆ.

ಹುಳು ಬಂದಾಗ ಇಲಿಯ ಕರುಳು ಸುಮ್ಮನಿರುವುದಿಲ್ಲ. ಕರುಳಿನ ಒಳಪದರದಲ್ಲಿ ಟಫ್ಟ್ ಕೋಶಗಳು ಅಂತ ಇವೆ. ಹುಳು ಬಂದದ್ದನ್ನು ಮೊದಲು ಗ್ರಹಿಸುವವರಲ್ಲಿ ಇವೂ ಸೇರಿವೆ ಅನ್ನುವುದು ಚೆನ್ನಾಗಿ ಗೊತ್ತಾದದ್ದು 2016ರಲ್ಲಿ. ಇವು ಐಎಲ್-25 ಎಂಬ ಸಂದೇಶದ ಪ್ರೋಟೀನ್ ಬಿಡುತ್ತವೆ. ಹುಳು ಕೊರೆದಾಗ ಸತ್ತ ಕೋಶಗಳಿಂದ ಐಎಲ್-33 ಎಂಬ ಇನ್ನೊಂದು ಸಂದೇಶ ಹೊರಬರುತ್ತದೆ. ಎರಡೂ ಸೇರಿ ಕರುಳಿನಲ್ಲಿರುವ ಕೆಲವು ರೋಗನಿರೋಧಕ ಕೋಶಗಳನ್ನು ಎಬ್ಬಿಸುತ್ತವೆ. ಆ ಕೋಶಗಳು ಐಎಲ್-13 ಅನ್ನು ಸುರಿಸುತ್ತವೆ. ಆಗ ಲೋಳೆ ಮಾಡುವ ಕೋಶಗಳು ಹೆಚ್ಚುತ್ತವೆ, ಕರುಳಿನ ಸ್ನಾಯು ಜೋರಾಗಿ ಹಿಂಡುತ್ತದೆ, ನೀರು ಹರಿಯುತ್ತದೆ. ನಿಪ್ಪೋಸ್ಟ್ರಾಂಜೈಲಸ್ ಹೊರಗೆ ಬೀಳುವುದು ಹೀಗೆ. ಇದಕ್ಕೆ ಟೈಪ್-2 ಪ್ರತಿಕ್ರಿಯೆ ಅನ್ನುತ್ತಾರೆ. ಧೂಳು, ಪರಾಗಕ್ಕೆ ಅಲರ್ಜಿಯಾಗಿ ಮೂಗು ಸುರಿಯುವುದೂ ದಮ್ಮು ಬರುವುದೂ ಬಹುಪಾಲು ಇದೇ ಯಂತ್ರದ ಕೆಲಸ. ಈ ಸಂಬಂಧವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಂತ್ರ ಇದ್ದಮೇಲೆ ಅದನ್ನು ನಿಲ್ಲಿಸುವ ಏರ್ಪಾಡೂ ಬೇಕಲ್ವಾ? ದೇಹದಲ್ಲಿ ಆ ಕೆಲಸ ಮಾಡುವವು ಟಿ-ರೆಗ್ ಕೋಶಗಳು, ಅಂದರೆ ನಿಯಂತ್ರಕ ಟಿ ಕೋಶಗಳು. (ಟಿ ಕೋಶ ಅಂದರೆ ಒಂದು ಬಗೆಯ ಬಿಳಿ ರಕ್ತಕೋಶ.) ಬೇರೆ ರೋಗನಿರೋಧಕ ಕೋಶಗಳು ಮಿತಿಮೀರದಂತೆ ಇವು ತಡೆಯುತ್ತವೆ. ಇವುಗಳ ಗುರುತು ಫಾಕ್ಸ್‌ಪಿ3 ಎಂಬ ಜೀನ್. ಆ ಜೀನ್ ಕೆಟ್ಟರೆ ಇಲಿಯಾಗಲಿ ಮನುಷ್ಯರಾಗಲಿ, ದೇಹ ತನ್ನ ಮೇಲೆ ತಾನೇ ಯುದ್ಧ ಹೂಡುತ್ತದೆ. ಈ ಕೋಶಗಳನ್ನೂ ಈ ಜೀನನ್ನೂ ಗುರುತಿಸಿದ ಶಿಮೊನ್ ಸಾಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು.

ಟಿ-ರೆಗ್ ಕೋಶಗಳು ಎರಡು ಬಗೆಯಲ್ಲಿ ಹುಟ್ಟುತ್ತವೆ. ಕೆಲವು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲೇ ಆಗುತ್ತವೆ. ಇನ್ನು ಕೆಲವು ಹೊರಗೆ, ಸಾಧಾರಣ ಟಿ ಕೋಶಗಳು ಬದಲಾಗಿ ಆಗುತ್ತವೆ. ಈ ಎರಡನೇ ದಾರಿಗೆ ಬೇಕಾದ ಮುಖ್ಯ ಸಂದೇಶ ಟಿಜಿಎಫ್-ಬೀಟಾ ಎಂಬ ಪ್ರೋಟೀನ್. ಇನ್ನೂ ಯಾವ ಕೆಲಸಕ್ಕೂ ಇಳಿಯದ ಟಿ ಕೋಶವನ್ನು ಪ್ರಚೋದಿಸಿ, ಜೊತೆಗೆ ಟಿಜಿಎಫ್-ಬೀಟಾ ಕೊಟ್ಟರೆ ಅದರಲ್ಲಿ ಫಾಕ್ಸ್‌ಪಿ3 ಕಾಣಿಸಿಕೊಳ್ಳುತ್ತದೆ ಅನ್ನುವುದು 2003ರಲ್ಲೇ ಗೊತ್ತಾಗಿತ್ತು.

ಮೊದಲ ಸುಳಿವು ಸಿಕ್ಕಿದ್ದು ಶ್ವಾಸಕೋಶದಲ್ಲಿ

ಹುಳು ಇರುವುದು ಕರುಳಿನಲ್ಲಿ. ಆದರೆ 2005ರಲ್ಲಿ ಮೈಝೆಲ್ಸ್ ತಂಡ ಪ್ರಕಟಿಸಿದ ಪ್ರಯೋಗ ಶ್ವಾಸಕೋಶದ್ದು. ಇಲಿಗಳಿಗೆ ಒಂದು ವಸ್ತುವಿಗೆ ಅಲರ್ಜಿ ಬರುವಂತೆ ಮಾಡಿ, ಆಮೇಲೆ ಅದನ್ನೇ ಶ್ವಾಸನಾಳಕ್ಕೆ ಹಾಕಿದರು. ಸಾಧಾರಣ ಇಲಿಯ ಶ್ವಾಸಕೋಶ ಉರಿಯೂತದಿಂದ ತುಂಬಿಹೋಯಿತು. ಕರುಳಿನಲ್ಲಿ ಹುಳು ಇದ್ದ ಇಲಿಯಲ್ಲಿ ಉರಿಯೂತ ಕಡಿಮೆ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಕುತೂಹಲದ ಸಂಗತಿ, ಅಷ್ಟೇ. ಹುಳು ಇರುವ ಪ್ರಾಣಿ ಸೊರಗಿರುತ್ತದೆ, ಅದಕ್ಕೇ ಅಲರ್ಜಿ ಕಡಿಮೆ ಅಂತ ಯಾರಾದರೂ ತಳ್ಳಿಹಾಕಬಹುದಿತ್ತು. ಅವರು ಇನ್ನೊಂದು ಹೆಜ್ಜೆ ಹೋದರು. ಹುಳು ಇದ್ದ ಇಲಿಯ ಕರುಳಿನ ಬಳಿಯ ದುಗ್ಧಗ್ರಂಥಿಗಳಿಂದ ಟಿ-ರೆಗ್ ಗುರುತು ಇರುವ ಕೋಶಗಳನ್ನು ಬೇರ್ಪಡಿಸಿ, ಹುಳುವೇ ಇಲ್ಲದ ಅಲರ್ಜಿಯ ಇಲಿಗೆ ಕೊಟ್ಟರು. ಆ ಇಲಿಯ ಶ್ವಾಸಕೋಶವೂ ತಣ್ಣಗಾಯಿತು. ಹುಳು ಇಲ್ಲ, ಹುಳುವಿನಿಂದಾದ ನಿಶ್ಶಕ್ತಿಯೂ ಇಲ್ಲ. ಬರೀ ಕೋಶಗಳೇ ಆ ಗುಣವನ್ನು ಹೊತ್ತುಕೊಂಡು ಹೋಗಿದ್ದವು. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದೇ.

ಹಾಗಾದರೆ ಈ ಕೋಶಗಳನ್ನು ಹೆಚ್ಚಿಸಿದ್ದು ಏನು? ಗಾಯವಾದ ಕರುಳು ತಾನೇ ತನ್ನ ಉರಿ ತಣಿಸಲು ಟಿ-ರೆಗ್ ಬೆಳೆಸಿತೋ, ಅಥವಾ ಹುಳು ಏನನ್ನೋ ಬಿಟ್ಟು ಬೆಳೆಸಿತೋ? ಎರಡೂ ಸಾಧ್ಯ.

ಇದನ್ನು ಬಿಡಿಸಲು ಹುಳು ಬಿಡುವ ದ್ರವ ಬೇಕಿತ್ತು. ಅದನ್ನು ಸಂಗ್ರಹಿಸುವುದು ಸಾಕಷ್ಟು ಕೈಕೆಲಸ. ಸೋಂಕು ತಗಲಿಸಿ ಎರಡು ವಾರ ಆದಮೇಲೆ ಇಲಿಯ ಕರುಳಿನಿಂದ ಜೀವಂತ ಹುಳುಗಳನ್ನು ಹೊರತೆಗೆಯುತ್ತಾರೆ. ಮತ್ತೆ ಮತ್ತೆ ತೊಳೆದು, ಆಂಟಿಬಯಾಟಿಕ್ ಸೇರಿಸಿದ ಪೋಷಕ ದ್ರವದಲ್ಲಿ ಇಡುತ್ತಾರೆ. ಹುಳು ಅದರಲ್ಲಿ ಬದುಕಿದ್ದು ತನ್ನ ಪ್ರೋಟೀನುಗಳನ್ನು ಬಿಡುತ್ತಾ ಹೋಗುತ್ತದೆ. ಮೊದಲ ದಿನದ ದ್ರವವನ್ನು ಚೆಲ್ಲುತ್ತಾರೆ. ಅದರಲ್ಲಿ ಇಲಿಯ ಕರುಳಿನ ಬ್ಯಾಕ್ಟೀರಿಯಾದ ಅಂಶ ಇದ್ದರೆ ಪೂರ್ತಿ ಪ್ರಯೋಗವೇ ಹಾಳು. ಬ್ಯಾಕ್ಟೀರಿಯಾದ ಒಂದು ಚೂರು ಸಿಕ್ಕರೂ ರೋಗನಿರೋಧಕ ಕೋಶಗಳು ಅದಕ್ಕೇ ಕುಣಿಯುತ್ತವೆ, ಹುಳುವಿನದ್ದು ಅಂತ ನಾವು ತಿಳಿದುಕೊಳ್ಳುತ್ತೇವೆ. ಆಮೇಲಿನ ದಿನಗಳ ದ್ರವಕ್ಕೆ ಎಚ್‌ಇಎಸ್ ಎಂದು ಹೆಸರು. 2011ರಲ್ಲಿ ಲೆಕ್ಕ ಹಾಕಿದಾಗ ಅದರಲ್ಲಿ 374 ಪ್ರೋಟೀನುಗಳು ಕಂಡವು.

2010ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಇನ್ನೂ ಫಾಕ್ಸ್‌ಪಿ3 ಇಲ್ಲದ ಟಿ ಕೋಶಗಳಿಗೆ ತಟ್ಟೆಯಲ್ಲೇ ಎಚ್‌ಇಎಸ್ ಹಾಕಿದರೆ ಅವು ಟಿ-ರೆಗ್ ಆಗುತ್ತವೆ. ಇಲಿಯ ಕರುಳೂ ಇಲ್ಲ, ಗಾಯವೂ ಇಲ್ಲ. ಅಂದರೆ ಹುಳುವೇ ಏನನ್ನೋ ಬಿಡುತ್ತಿದೆ. ದ್ರವವನ್ನು ಕಾಯಿಸಿದರೆ ಆ ಗುಣ ಹೋಗುತ್ತದೆ, ಅಂದರೆ ಅದು ಪ್ರೋಟೀನ್ ಇರಬೇಕು.

ಮುಂದಿನದ್ದು ಇನ್ನೂ ಸೊಗಸು. ಕೋಶದ ಮೇಲೆ ಇದ್ದು ಸಂದೇಶವನ್ನು ಹಿಡಿಯುವ ಪ್ರೋಟೀನಿಗೆ ರಿಸೆಪ್ಟರ್ ಅನ್ನುತ್ತಾರೆ. ಟಿಜಿಎಫ್-ಬೀಟಾದ ರಿಸೆಪ್ಟರ್ ಕೆಟ್ಟುಹೋದ ಟಿ ಕೋಶಗಳ ಮೇಲೆ ಎಚ್‌ಇಎಸ್ ಏನೂ ಮಾಡಲಿಲ್ಲ. ಆ ರಿಸೆಪ್ಟರಿನ ಕೆಲಸವನ್ನು ತಡೆಯುವ ಔಷಧ ಹಾಕಿದರೂ ಏನೂ ಆಗಲಿಲ್ಲ. ಆ ಔಷಧವನ್ನು ಸೋಂಕಿತ ಇಲಿಗಳಿಗೆ ಕೊಟ್ಟಾಗ ಕರುಳಿನಲ್ಲಿ ಹುಳುಗಳ ಸಂಖ್ಯೆಯೂ ಇಳಿಯಿತು. ಹಾಗಾದರೆ ದ್ರವದಲ್ಲಿ ಇರುವುದು ಟಿಜಿಎಫ್-ಬೀಟಾ ಅಂತ ಹೇಳಿಬಿಡಬಹುದಲ್ವಾ? ಅಲ್ಲ. ಟಿಜಿಎಫ್-ಬೀಟಾವನ್ನು ಹಿಡಿದು ಕೆಲಸ ಕೆಡಿಸುವ ಆಂಟಿಬಾಡಿ ಎಚ್‌ಇಎಸ್ ಅನ್ನು ಮುಟ್ಟಲೇ ಇಲ್ಲ. ಎಚ್‌ಇಎಸ್ ಅನ್ನು ತಡೆದ ಆಂಟಿಬಾಡಿಗಳು ಟಿಜಿಎಫ್-ಬೀಟಾವನ್ನು ಮುಟ್ಟಲಿಲ್ಲ. ಹೋಗಿ ತಟ್ಟುವ ಬಾಗಿಲು ಒಂದೇ, ತಟ್ಟುವವರು ಬೇರೆ.

ಕುರಿಗಳ ಹೊಟ್ಟೆಯಲ್ಲಿ ಬದುಕುವ ಟೆಲಾಡೋರ್ಸಾಜಿಯಾ ಎಂಬ ಹತ್ತಿರದ ನೆಂಟನ ದ್ರವದಲ್ಲೂ ಇದೇ ಗುಣ ಕಂಡಿತು. ಇದನ್ನು ಆ ಪ್ರಬಂಧದಲ್ಲಿ ಒಂದು ಸಣ್ಣ ಮಾತಾಗಿ ಹೇಳಿದ್ದಾರೆ. ಕುರಿ ಸಾಕುವವರಿಗೆ ಅದು ಸಣ್ಣ ಮಾತಲ್ಲ.

ಏಳು ವರ್ಷದ ಹುಡುಕಾಟ

ಸಹಜವಾಗಿ ಅನುಮಾನ ಮೊದಲು ಹೋದದ್ದು ಹುಳುವಿನದ್ದೇ ಟಿಜಿಎಫ್-ಬೀಟಾ ಕಡೆಗೆ. ಈ ಪ್ರೋಟೀನ್ ಕುಟುಂಬ ತುಂಬಾ ಹಳೆಯದು. ಬೆನ್ನುಮೂಳೆ ಇಲ್ಲದ ಪ್ರಾಣಿಗಳಲ್ಲೂ ಇದೆ. ಮಣ್ಣಿನಲ್ಲಿ ಬದುಕುವ, ಯಾರಿಗೂ ತೊಂದರೆ ಕೊಡದ ಸಿ. ಎಲೆಗನ್ಸ್ ಎಂಬ ಹುಳುವಿನಲ್ಲೂ ಇದೆ. ನಮ್ಮ ಹುಳುವಿನಲ್ಲೂ ಆ ಕುಟುಂಬದ ಜೀನುಗಳಿವೆ. ಹುಳು ಅದನ್ನೇ ಸ್ವಲ್ಪ ತಿದ್ದಿ ಇಲಿಯ ಕಡೆಗೆ ಬಿಡುತ್ತಿರಬಹುದು ಅನ್ನುವುದು ಒಪ್ಪಬಹುದಾದ ಊಹೆ. ಇತ್ತೀಚಿನವರೆಗೂ ಬಹಳ ಪರಾವಲಂಬಿಗಳ ವಿಷಯದಲ್ಲಿ ಹುಡುಕಾಟ ನಡೆದಿದ್ದು ಹೀಗೇ. ಆತಿಥೇಯ ಪ್ರಾಣಿಯ ಪ್ರೋಟೀನಿನ ಹೋಲಿಕೆ ಇರುವ ಜೀನನ್ನು ಪರಾವಲಂಬಿಯಲ್ಲಿ ಹುಡುಕು, ಸಿಕ್ಕರೆ ಅದೇ ಕಾರಣ ಅನ್ನು.

ಈ ತಂಡ ಹೋಲಿಕೆ ಹುಡುಕಲಿಲ್ಲ, ಕೆಲಸ ಹುಡುಕಿತು. ಟಿಜಿಎಫ್-ಬೀಟಾ ರಿಸೆಪ್ಟರ್ ಚಾಲೂ ಆದರೆ ಸುಲಭವಾಗಿ ಅಳೆಯಬಹುದಾದ ಒಂದು ಕಿಣ್ವವನ್ನು ಬಿಡುವಂತೆ ಮಾರ್ಪಡಿಸಿದ ಇಲಿಯ ಕೋಶಗಳನ್ನು ಬಳಸಿದರು. ಈ ಕೋಶಗಳಲ್ಲಿ ಟಿಜಿಎಫ್-ಬೀಟಾ1 ಜೀನ್ ಇಲ್ಲ. ಹಾಗಾಗಿ ಅವು ತಾವೇ ತಮಗೆ ಸಂದೇಶ ಕೊಟ್ಟುಕೊಂಡು ದಾರಿ ತಪ್ಪಿಸುವ ಭಯ ಕಡಿಮೆ. ಎಚ್‌ಇಎಸ್ ಅನ್ನು ಗಾತ್ರ ಮತ್ತು ವಿದ್ಯುದಂಶದ ಪ್ರಕಾರ ಚಿಕ್ಕ ಚಿಕ್ಕ ಪಾಲುಗಳಾಗಿ ಬೇರ್ಪಡಿಸಿ, ಒಂದೊಂದನ್ನೂ ಈ ಕೋಶಗಳ ಮೇಲೆ ಹಾಕಿ ನೋಡಿದರು. ಯಾವ ಪಾಲಿನಲ್ಲಿ ಕೆಲಸ ಜಾಸ್ತಿ ಇದೆಯೋ ಅದರಲ್ಲಿ ಯಾವ ಪ್ರೋಟೀನುಗಳು ಜಾಸ್ತಿ ಇವೆ ಅಂತ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ, ಅಂದರೆ ಪ್ರೋಟೀನುಗಳನ್ನು ತೂಕದಿಂದ ಗುರುತಿಸುವ ಯಂತ್ರದಲ್ಲಿ, ನೋಡಿದರು. ಕೆಲಸ ಏರಿದಲ್ಲಿ ಏರುವ, ಇಳಿದಲ್ಲಿ ಇಳಿಯುವ ಪ್ರೋಟೀನುಗಳಷ್ಟೇ ಪಟ್ಟಿಯಲ್ಲಿ ಉಳಿದವು. ಅವುಗಳ ಜೀನುಗಳನ್ನು ಮನುಷ್ಯರ ಕೋಶಗಳಿಗೆ ಹಾಕಿ ಪ್ರೋಟೀನ್ ತಯಾರಿಸಿ ಪರೀಕ್ಷಿಸಿದರು.

ಒಂದು ಗೆದ್ದಿತು. 2017ರಲ್ಲಿ ಪ್ರಕಟವಾದ ಆ ಪ್ರೋಟೀನಿಗೆ ಟಿಜಿಎಂ ಅಂತ ಹೆಸರಿಟ್ಟರು. ಟಿಜಿಎಫ್-ಬೀಟಾವನ್ನು ಅನುಕರಿಸುವುದು ಅಂತ ಅರ್ಥ.

ಅದರ ಅಮೈನೋ ಆಮ್ಲಗಳ ಸಾಲನ್ನು ನೋಡಿದಾಗ ಟಿಜಿಎಫ್-ಬೀಟಾ ಜೊತೆ ಒಂದಿಷ್ಟೂ ಹೋಲಿಕೆ ಇರಲಿಲ್ಲ. ಹುಳುವಿನ ಸ್ವಂತ ಟಿಜಿಎಫ್-ಬೀಟಾ ಕುಟುಂಬದ ಜೊತೆಗೂ ಇರಲಿಲ್ಲ. ಅದು ಪೂರ್ತಿ ಬೇರೆ ಮನೆತನದ್ದು. ಕಾಂಪ್ಲಿಮೆಂಟ್ ಕಂಟ್ರೋಲ್ ಪ್ರೋಟೀನ್, ಚಿಕ್ಕದಾಗಿ ಸಿಸಿಪಿ, ಅನ್ನುವ ಕುಟುಂಬ. ನಮ್ಮ ರಕ್ತದಲ್ಲೂ ಈ ಕುಟುಂಬದವು ಇವೆ. ಸುಮಾರು 60 ಅಮೈನೋ ಆಮ್ಲಗಳ ಒಂದು ಗಟ್ಟಿ ತುಂಡು, ಅದನ್ನೇ ಒಂದರ ಪಕ್ಕ ಒಂದರಂತೆ ಪೋಣಿಸಿ ಈ ಪ್ರೋಟೀನುಗಳು ಆಗಿರುತ್ತವೆ. ನಮ್ಮ ರಕ್ತದ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನಿನಲ್ಲಿ ಇಂಥ 20 ತುಂಡುಗಳಿವೆ. ಟಿಜಿಎಂನಲ್ಲಿ ಐದು. ಸಾಮಾನ್ಯವಾಗಿ ಈ ಕುಟುಂಬಕ್ಕೂ ಟಿಜಿಎಫ್-ಬೀಟಾ ಕೆಲಸಕ್ಕೂ ಸಂಬಂಧವೇ ಇಲ್ಲ.

ಮನೆಯ ಬೀಗಕ್ಕೆ ಕಳ್ಳ ಕೀಲಿಯ ಅಚ್ಚು ತೆಗೆದು ನಕಲಿ ಮಾಡಿಸಿದ್ದಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ಅವನ ಕೈಯಲ್ಲಿದ್ದದ್ದು ಬಗ್ಗಿಸಿದ ತಂತಿ. ಕೀಲಿಯ ಆಕಾರ ಒಂದು ಚೂರೂ ಇಲ್ಲ, ಬೀಗ ಮಾತ್ರ ತೆಗೆಯುತ್ತದೆ. ಹೀಗೆ ಬೇರೆ ಬೇರೆ ಮೂಲದವು ಒಂದೇ ಕೆಲಸಕ್ಕೆ ಬಂದು ಸೇರುವುದಕ್ಕೆ ಜೀವಶಾಸ್ತ್ರದವರು ಒಮ್ಮುಖ ವಿಕಾಸ ಅನ್ನುತ್ತಾರೆ. ಹೋಲಿಕೆಯ ಜೀನ್ ಹುಡುಕುತ್ತಾ ಕೂತಿದ್ದರೆ ಟಿಜಿಎಂ ಯಾವತ್ತಿಗೂ ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ಬೇರೆ ಪರಾವಲಂಬಿಗಳಲ್ಲಿ ಹೀಗೆ ಕಣ್ಣಿಗೆ ಬೀಳದೇ ಉಳಿದ ಪ್ರೋಟೀನುಗಳು ಇನ್ನೆಷ್ಟಿವೆಯೋ.

ಒಂದೊಂದು ತುಂಡೂ ಮಾಡುವ ಕೆಲಸ

ನಿಜವಾದ ಟಿಜಿಎಫ್-ಬೀಟಾ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಅದು ಎರಡು ಒಂದೇ ಥರದ ಎಳೆಗಳು ಕೂಡಿದ ಜೋಡಿ. ಕೋಶದ ಮೇಲೆ ಅದಕ್ಕೆ ಎರಡು ಬಗೆಯ ರಿಸೆಪ್ಟರ್ ಇವೆ, ಒಂದನೆಯದು ಮತ್ತು ಎರಡನೆಯದು ಅಂತಲೇ ಕರೆಯೋಣ. ಟಿಜಿಎಫ್-ಬೀಟಾ ಮೊದಲು ಎರಡನೆಯದನ್ನು ಹಿಡಿಯುತ್ತದೆ, ಆಮೇಲೆ ಒಂದನೆಯದು ಬಂದು ಸೇರುತ್ತದೆ. ಎರಡನೆಯದು ಒಂದನೆಯದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಂದ ಸ್ಮ್ಯಾಡ್ ಎಂಬ ಪ್ರೋಟೀನುಗಳಿಗೆ ಸುದ್ದಿ ಹೋಗಿ, ಅವು ಕೋಶದ ಕೇಂದ್ರಕ್ಕೆ ಹೋಗಿ ಫಾಕ್ಸ್‌ಪಿ3ನಂಥ ಜೀನುಗಳನ್ನು ಎಬ್ಬಿಸುತ್ತವೆ.

ದೇಹ ಈ ಪ್ರೋಟೀನನ್ನು ಬಹಳ ಹುಷಾರಾಗಿ ಬಳಸುತ್ತದೆ. ಟಿಜಿಎಫ್-ಬೀಟಾ ತಯಾರಾಗುವಾಗಲೇ ಅದರ ಸುತ್ತ ಒಂದು ಕವಚ ಇರುತ್ತದೆ. ಕವಚ ಬಿಚ್ಚುವವರೆಗೂ ಅದು ನಿಷ್ಕ್ರಿಯ. ಯಾಕೆಂದರೆ ಈ ಸಂದೇಶ ಎಲ್ಲೆಂದರಲ್ಲಿ ಹೋದರೆ ಅಂಗಾಂಗಗಳಲ್ಲಿ ನಾರು ಬೆಳೆದು ಗಟ್ಟಿಯಾಗಬಹುದು, ಕ್ಯಾನ್ಸರಿಗೂ ನೆರವಾಗಬಹುದು.

ಟಿಜಿಎಂಗೆ ಕವಚ ಇಲ್ಲ. ಹುಳುವಿನಿಂದ ಹೊರಬಿದ್ದ ಕ್ಷಣದಿಂದಲೇ ಕೆಲಸಕ್ಕೆ ತಯಾರು. ಅದು ಜೋಡಿಯೂ ಅಲ್ಲ, ಒಂಟಿ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಆಂಡ್ರ್ಯೂ ಹಿಂಕ್ ತಂಡದ ಜೊತೆ ಸೇರಿ ಇದರ ರಚನೆ ಬಿಡಿಸಿದ್ದು 2022ರಲ್ಲಿ ಪ್ರಕಟವಾಯಿತು. ಐದು ತುಂಡುಗಳಲ್ಲಿ ಮೊದಲ ಎರಡು ಒಂದನೇ ರಿಸೆಪ್ಟರನ್ನು ಹಿಡಿಯುತ್ತವೆ. ಮೂರನೆಯದು ಎರಡನೇ ರಿಸೆಪ್ಟರನ್ನು. ಟಿಜಿಎಫ್-ಬೀಟಾಕ್ಕೆ ಒಂದನೇ ರಿಸೆಪ್ಟರನ್ನು ತಾನೊಂದೇ ಗಟ್ಟಿಯಾಗಿ ಹಿಡಿಯಲು ಆಗುವುದಿಲ್ಲ, ಎರಡನೆಯದರ ಸಹಾಯ ಬೇಕು. ಟಿಜಿಎಂಗೆ ಅದೂ ಬೇಡ. ದಾರಿ ಪೂರ್ತಿ ಬೇರೆ, ಆದರೆ ಕೊನೆಗೆ ಆಗುವುದು ಒಂದೇ: ಎರಡು ರಿಸೆಪ್ಟರುಗಳು ಹತ್ತಿರ ಬರುತ್ತವೆ, ಸುದ್ದಿ ಒಳಗೆ ಹೋಗುತ್ತದೆ.

ಹಾಗಾದರೆ ನಾಲ್ಕು ಮತ್ತು ಐದನೇ ತುಂಡು ಯಾಕೆ? ಅವನ್ನು ಕತ್ತರಿಸಿ ತೆಗೆದರೆ ಟಿಜಿಎಂ ಪೂರ್ತಿ ಸಾಯುವುದಿಲ್ಲ, ಆದರೆ ಬಲ ಬಹಳ ಕುಗ್ಗುತ್ತದೆ. ಉತ್ತರ 2023ರಲ್ಲಿ ನೆದರ್ಲೆಂಡಿನ ಲೈಡನ್ನಿನ ಪೀಟರ್ ಟೆನ್ ಡೈಕೆ ತಂಡದ ಜೊತೆಗಿನ ಕೆಲಸದಲ್ಲಿ ಬಂತು. ಆ ಎರಡು ತುಂಡುಗಳು ಸಿಡಿ44 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತವೆ. ಸಿಡಿ44 ಟಿ ಕೋಶಗಳ ಮೇಲೆ, ಅದರಲ್ಲೂ ಚುರುಕಾದ ಟಿ ಕೋಶಗಳ ಮೇಲೆ ಧಾರಾಳವಾಗಿದೆ.

ಇದರ ಅರ್ಥ ನೋಡಿ. ಟಿಜಿಎಫ್-ಬೀಟಾ ರಿಸೆಪ್ಟರ್ ದೇಹದ ಹೆಚ್ಚುಕಡಿಮೆ ಎಲ್ಲಾ ಕೋಶಗಳಲ್ಲಿದೆ. ದೇಹ ತನ್ನ ಸಂದೇಶ ಎಲ್ಲಿ ಹೋಗಬೇಕು ಅನ್ನುವುದನ್ನು ಕವಚ ಬಿಚ್ಚುವ ಜಾಗದಿಂದ ತೀರ್ಮಾನಿಸುತ್ತದೆ. ಹುಳುವಿಗೆ ಆ ವ್ಯವಸ್ಥೆ ಇಲ್ಲ, ಅದು ಬಿಟ್ಟದ್ದು ಕರುಳಿನಲ್ಲಿ ಹರಡಿಹೋಗುತ್ತದೆ. ಅದಕ್ಕೆ ಅದು ವಿಳಾಸವನ್ನು ಪ್ರೋಟೀನಿನ ಬಾಲದಲ್ಲೇ ಬರೆದುಬಿಟ್ಟಿದೆ.

ಟಿಜಿಎಂ ಥರದ ಪ್ರೋಟೀನುಗಳು ಇನ್ನೂ ಇವೆ ಅನ್ನುವುದೂ ಅಷ್ಟರಲ್ಲಿ ಗೊತ್ತಾಗಿತ್ತು. 2018ರ ಹೊತ್ತಿಗೆ ಅದೇ ಹುಳುವಿನಲ್ಲಿ ಇದರ ಒಂಬತ್ತು ಸೋದರ ಪ್ರೋಟೀನುಗಳು ಸಿಕ್ಕಿದ್ದವು. ಎಲ್ಲವೂ ಟಿ ಕೋಶಗಳ ಮೇಲೆ ಇದೇ ಕೆಲಸ ಮಾಡುವುದಿಲ್ಲ. ಮೊದಲು ಸಿಕ್ಕ ಟಿಜಿಎಂ ಅನ್ನು ಒಂದನೆಯದು ಅಂತ ಎಣಿಸಿದರೆ, ಕುಟುಂಬದ ನಾಲ್ಕನೆಯದು ಟಿ ಕೋಶಗಳನ್ನು ಬಿಟ್ಟು, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್‌ನಂಥ ಕೋಶಗಳ ಕಡೆ ಹೆಚ್ಚು ಒಲವು ತೋರಿಸುತ್ತದೆ. ಆರನೆಯದಕ್ಕೆ ಮೊದಲ ಎರಡು ತುಂಡುಗಳೇ ಇಲ್ಲ. ಹಾಗಾಗಿ ಅದು ಎರಡನೇ ರಿಸೆಪ್ಟರನ್ನು ಹಿಡಿದು ಸುಮ್ನೆ ಕೂರುತ್ತದೆ. ಸುದ್ದಿ ಒಳಗೆ ಹೋಗುವುದಿಲ್ಲ, ನಿಜವಾದ ಟಿಜಿಎಫ್-ಬೀಟಾಕ್ಕೂ ಜಾಗ ಬಿಡುವುದಿಲ್ಲ. ಗಾಯ ಕೂಡಿಸುವ, ನಾರು ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ಈ ತಡೆ ಕಂಡಿದೆ. ಒಂದೇ ಹುಳು, ಒಂದೇ ಕುಟುಂಬದ ಪ್ರೋಟೀನುಗಳಿಂದ, ಒಂದು ಬಗೆಯ ಕೋಶದಲ್ಲಿ ಸಂದೇಶ ಚಾಲೂ ಮಾಡಿ ಇನ್ನೊಂದರಲ್ಲಿ ನಿಲ್ಲಿಸುತ್ತದೆ!

ಇದೇ ಸಿಸಿಪಿ ತುಂಡುಗಳಿಂದ ಹುಳು ಇನ್ನೊಂದು ಕೆಲಸವನ್ನೂ ಮಾಡಿಸಿಕೊಂಡಿದೆ. ಮೇಲೆ ಐಎಲ್-33 ಬಗ್ಗೆ ಹೇಳಿದೆನಲ್ಲ, ಸಾಯುವ ಕೋಶಗಳಿಂದ ಹೊರಬರುವ ಎಚ್ಚರಿಕೆ. ಎಚ್‌ಪಿ-ಎಆರ್‌ಐ ಎಂಬ ಹುಳುವಿನ ಪ್ರೋಟೀನ್ ಆ ಐಎಲ್-33 ಅನ್ನೂ ಸತ್ತ ಕೋಶದ ಡಿಎನ್‌ಎಯನ್ನೂ ಒಟ್ಟಿಗೆ ಹಿಡಿದು, ಎಚ್ಚರಿಕೆ ಹೊರಗೆ ಬರದಂತೆ ಅಲ್ಲೇ ಕಟ್ಟಿಹಾಕುತ್ತದೆ. ಹೆನ್ರಿ ಮ್ಯಾಕ್‌ಸಾರ್ಲಿ ತಂಡ ಇದನ್ನು 2017ರಲ್ಲಿ ಪ್ರಕಟಿಸಿತು. 2020ರಲ್ಲಿ ಬಂದ ಎಚ್‌ಪಿ-ಬಿಎಆರ್‌ಐ ಇನ್ನೊಂದು ತುದಿಯಲ್ಲಿ ಕೆಲಸ ಮಾಡುತ್ತದೆ, ಐಎಲ್-33ರ ರಿಸೆಪ್ಟರನ್ನೇ ಮುಚ್ಚುತ್ತದೆ. ಅಂದರೆ ಟೈಪ್-2 ಪ್ರತಿಕ್ರಿಯೆ ಶುರುವಾಗುವ ಕಡೆಯೂ ತಡೆ, ನಿಲ್ಲಿಸುವ ಕಡೆಯೂ ಒತ್ತು.

ಪೂರ್ತಿ ಕಥೆ ಇಷ್ಟೇನಾ?

ಅಲ್ಲ. ಟಿಜಿಎಂ ಹುಳುವನ್ನು ಒಂದೇ ಕೈಯಲ್ಲಿ ಉಳಿಸುತ್ತದೆ ಅಂತ ತೀರ್ಮಾನಿಸುವುದು ಅವಸರ. ಇಲಿಯಿಂದ ಟಿ-ರೆಗ್ ಕೋಶಗಳನ್ನು ತೆಗೆದು ನೋಡಿದ ಪ್ರಯೋಗಗಳಲ್ಲಿ ಪ್ರತಿ ಸಲವೂ ಹುಳುಗಳು ಕಡಿಮೆಯಾಗಲಿಲ್ಲ. ಇಲಿಯ ತಳಿಯೂ ಮುಖ್ಯ. ಸಿ57ಬಿಎಲ್/6 ತಳಿಯಲ್ಲಿ ಹುಳು ಬಹುಕಾಲ ಉಳಿಯುತ್ತದೆ, ಎಸ್‌ಜೆಎಲ್ ತಳಿ ಅದನ್ನು ಬೇಗ ಓಡಿಸುತ್ತದೆ. ಹುಳು ಬಿಡುವ ಪ್ರೋಟೀನ್ ಎರಡರಲ್ಲೂ ಒಂದೇ ಅಲ್ವಾ?

ಸುತ್ತಮುತ್ತಲಿನ ಪರಿಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. 2010ರ ಪ್ರಬಂಧದಲ್ಲೇ ಒಂದು ಎಚ್ಚರಿಕೆ ಇತ್ತು. ಎಚ್‌ಇಎಸ್ ಜೊತೆ ಐಎಲ್-6 ಎಂಬ ಉರಿಯೂತದ ಸಂದೇಶವೂ ಇದ್ದರೆ ಟಿ ಕೋಶಗಳು ಐಎಲ್-17 ಮಾಡುವ, ಅಂದರೆ ಉರಿಯೂತ ಹೆಚ್ಚಿಸುವ ಕೋಶಗಳಾಗುತ್ತವೆ. ಟಿಜಿಎಫ್-ಬೀಟಾದ್ದೂ ಇದೇ ಸ್ವಭಾವ. ಅದನ್ನು ಅನುಕರಿಸಿದ ಹುಳುವಿಗೆ ಅದರ ಕೆಟ್ಟ ಗುಣವೂ ಬಂತು.

ಇನ್ನೊಂದು ತಮಾಷೆ ಇದೆ. ಇಷ್ಟೆಲ್ಲ ಮಾಡುವ ಅದೇ ಎಚ್‌ಇಎಸ್ ದ್ರವವನ್ನು ಲಸಿಕೆಗೆ ಬಳಸುವ ಅಲ್ಯೂಮಿನಿಯಂ ಲವಣದ ಜೊತೆ ಇಲಿಗೆ ಚುಚ್ಚಿದರೆ, ಆಮೇಲೆ ಹುಳು ಆ ಇಲಿಯಲ್ಲಿ ನೆಲೆಯೂರುವುದೇ ಇಲ್ಲ. ಇಲ್ಲಿ ಕೆಲಸ ಮಾಡುವುದು ಆಂಟಿಬಾಡಿಗಳು. ಕರುಳಿನಲ್ಲಿ ಹುಳುವಿನ ಕೈಯಿಂದ ಬಂದರೆ ಸಮಾಧಾನ, ಸೂಜಿಯಿಂದ ಬಂದರೆ ಸಿಟ್ಟು.

ಮನುಷ್ಯರಿಗೆ ಏನು?

ಟಿಜಿಎಂ ಇಲಿಯ ಹುಳುವಿನದ್ದಾದರೂ ಮನುಷ್ಯರ ರಿಸೆಪ್ಟರುಗಳನ್ನೂ ಹಿಡಿಯುತ್ತದೆ. 2021ರಲ್ಲಿ ಕೆನಡಾದ ಸಂಶೋಧಕರು ಇದರಿಂದ ಮನುಷ್ಯರ ಟಿ ಕೋಶಗಳನ್ನು ಟಿ-ರೆಗ್ ಮಾಡಿದರು. ಅವುಗಳಲ್ಲಿ ಫಾಕ್ಸ್‌ಪಿ3 ಗಟ್ಟಿಯಾಗಿ ನಿಂತಿತು. 2017ರಲ್ಲೇ ಇಲಿಗಳಿಗೆ ದೇಹದೊಳಗೆ ಇಟ್ಟ ಪಂಪಿನಿಂದ ಟಿಜಿಎಂ ಕೊಟ್ಟಾಗ ಬೇರೆ ತಳಿಯ ಇಲಿಯ ಚರ್ಮದ ಕಸಿಯನ್ನು ದೇಹ ತಿರಸ್ಕರಿಸುವುದು ತಡವಾಗಿತ್ತು. ಆಮೇಲೆ ಪಾಚಿಯೊಂದರಲ್ಲಿ ಟಿಜಿಎಂ ತಯಾರಿಸಿ ಇಲಿಗಳಿಗೆ ತಿನ್ನಿಸಿದಾಗ ದೊಡ್ಡ ಕರುಳಿನ ಉರಿಯೂತ ತಗ್ಗಿತು.

ಇಂಥ ಸುದ್ದಿ ಓದಿದವರು "ಹಾಗಾದರೆ ಹೊಟ್ಟೆಯಲ್ಲಿ ಹುಳು ಇದ್ದರೆ ಒಳ್ಳೇದೇ" ಅಂತ ಹಾರಿಬಿಡುತ್ತಾರೆ. ದಯವಿಟ್ಟು ಬೇಡ. ನಮ್ಮಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಜಂತುಹುಳು ಮಾತ್ರೆಗೆ ಗಟ್ಟಿ ಕಾರಣವಿದೆ. ಕೊಕ್ಕೆಹುಳು ರಕ್ತ ಹೀರುತ್ತದೆ, ಮಗು ಬಿಳಿಚಿಕೊಳ್ಳುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಹುಳುವನ್ನೇ ಔಷಧವಾಗಿ ಕೊಟ್ಟು ನೋಡಿದ್ದೂ ಆಗಿದೆ. ಹಂದಿಯ ಹುಳುವೊಂದರ ಮೊಟ್ಟೆಗಳನ್ನು ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯವರಿಗೆ ಕುಡಿಸಿದ ಮೊದಲ ಚಿಕ್ಕ ಪ್ರಯೋಗಗಳು ಆಸೆ ಹುಟ್ಟಿಸಿದ್ದವು. 2013ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ ಸುಳ್ಳು ಔಷಧಕ್ಕಿಂತ ಅದು ಮೇಲು ಅಂತ ತೋರಲಿಲ್ಲ. ಜೀವಂತ ಹುಳು ನೂರಾರು ಪ್ರೋಟೀನುಗಳನ್ನು ಬಿಡುತ್ತದೆ, ಯಾವುದು ಎಷ್ಟು ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಒಂದೊಂದೇ ಪ್ರೋಟೀನನ್ನು ಬೇರ್ಪಡಿಸುವ ದಾರಿಯೇ ಸರಿ ಅಂತ ನನಗನ್ನಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಅಲೆಕ್ಸ್ ಲೂಕಾಸ್ ತಂಡ ಕೊಕ್ಕೆಹುಳುವಿನಿಂದ ತೆಗೆದ ಎಐಪಿ-2 ಎಂಬ ಪ್ರೋಟೀನ್ ಕೂಡ ಇಲಿಗಳಲ್ಲಿ ಟಿ-ರೆಗ್ ಹೆಚ್ಚಿಸಿ ಶ್ವಾಸಕೋಶದ ಅಲರ್ಜಿ ತಗ್ಗಿಸಿದ್ದು 2016ರಲ್ಲಿ ಪ್ರಕಟವಾಗಿದೆ.

ಟಿಜಿಎಂ ಔಷಧವಾಗಬೇಕಾದರೆ ಎರಡು ತೊಡಕು ದಾಟಬೇಕು. ಒಂದು, ಅದು ಹೊರಗಿನ ಪ್ರೋಟೀನ್. ಮತ್ತೆ ಮತ್ತೆ ಕೊಟ್ಟರೆ ದೇಹ ಅದರ ಮೇಲೇ ಆಂಟಿಬಾಡಿ ಮಾಡಬಹುದು. ಇನ್ನೊಂದು, ಟಿಜಿಎಫ್-ಬೀಟಾ ದಾರಿಯನ್ನು ತಪ್ಪು ಕೋಶದಲ್ಲಿ ಎಬ್ಬಿಸಿದರೆ ನಾರು ಬೆಳೆಯುವ ಅಪಾಯ. ಎರಡನೆಯದಕ್ಕೆ ಹುಳುವಿನ ವಿನ್ಯಾಸದಲ್ಲೇ ಒಂದು ದಾರಿ ಕಾಣುತ್ತಿದೆ. ರಿಸೆಪ್ಟರ್ ಹಿಡಿಯುವ ಮೊದಲ ಮೂರು ತುಂಡುಗಳನ್ನು ಹಾಗೇ ಇಟ್ಟು, ಕೊನೆಯ ಎರಡನ್ನು ಬದಲಿಸಿದರೆ ಸಂದೇಶ ಬೇಕಾದ ಕೋಶಕ್ಕಷ್ಟೇ ಹೋಗುವಂತೆ ಮಾಡಬಹುದು. ಟಿಜಿಎಂ ಒಂದರ ಬಾಲ ಟಿ ಕೋಶಕ್ಕೆ, ನಾಲ್ಕರ ಬಾಲ ಮ್ಯಾಕ್ರೋಫೇಜ್ ಕಡೆಗೆ. ಮುಂದಿನ ಬಾಲವನ್ನು ಬರೆಯುವ ಕೆಲಸ ಈಗ ಪ್ರಯೋಗಾಲಯಗಳದ್ದು.